ಕೋಳಿಗೂಡಿನ ಅಂಚು

ಮೂರನೆಯ ಕೋಳಿ ಹೋದ ದಿನ, ಹಿಂದಿನ ಓಣಿಯ ಬಡಗಿ ಒಳ್ಳೆಯವನಲ್ಲ ಎಂದು ಅವಳು ತೀರ್ಮಾನಿಸಿದಳು.

ಅವಳು ಹೊಲಿಗೆಯವಳು. ಹಿತ್ತಿಲ ಕಿಟಕಿಯ ಪಕ್ಕ ಮಿಷನ್ನು ಹಾಕಿಕೊಂಡಿದ್ದಳು. ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಅವನ ಮೇಲೆ. ಬೆಳಿಗ್ಗೆ ಏಳಕ್ಕೆ ಅವಳು ಗೂಡು ತೆರೆಯುವುದಕ್ಕೂ ಅವನು ತನ್ನ ಗೇಟಿನಲ್ಲಿ ಬೀದಿನಾಯಿಗಳಿಗೆ ಬ್ರೆಡ್ಡು ಹಾಕುವುದಕ್ಕೂ ಸರಿಹೋಗುತ್ತಿತ್ತು. ದಿನದಲ್ಲಿ ಬೇರೆ ಹೊತ್ತೇ ಇರಲಿಲ್ಲವೇ?

ನಾಯಿಗಳು ತಂತಿಬಲೆಯ ಬುಡ ಕೆದರಿ ನುಗ್ಗಿದ್ದವು. ಈಗ ಉಳಿದದ್ದು ಒಂದು ಹುಂಜ, ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕೂತ ಒಂದು ಚುಕ್ಕಿ ಹೇಂಟೆ. ಮರಿಯಾಗಲು ಇನ್ನು ನಾಲ್ಕೇ ದಿನ. ಅದೂ ಹೋದರೆ ಮತ್ತೆ ಕೋಳಿ ಸಾಕುವ ಮನಸ್ಸು ಅವಳಿಗಿರಲಿಲ್ಲ.

"ನಾಯಿಗೆ ತಿನ್ನಿಸೋನು ಕೋಳಿ ಕದಿಯಲ್ಲ ಕಣೇ," ಎಂದಳು ಅಮ್ಮ.

"ಅವನೇ ಕದೀಬೇಕಾಗಿಲ್ಲಮ್ಮ. ಕಳ್ಳರನ್ನ ಸಾಕಿದ್ರೆ ಸಾಕು."

"ಸರಿ. ಆದ್ರೆ ಕಳ್ಳನ್ನ ಕಾಯೋಕೆ ತಲೆ ಯಾಕೆ ಬಾಚ್ಕೊಂಡು ಕೂರ್ತೀಯ?"

ಅವಳು ಮಿಷನ್ನು ಜೋರಾಗಿ ತುಳಿದಳು.

ಮರುದಿನ ಗೂಡಿನ ಹೊರಬದಿಯಲ್ಲಿ ಹಸಿಮಣ್ಣು ಕಂಡಿತು. ಉಗುರಿನ ಕೆದರಾಟವಲ್ಲ, ಗುದ್ದಲಿಯ ನೇರ ಗೀರು. ಮಧ್ಯಾಹ್ನ, ಹೊಲಿದ ಬಟ್ಟೆ ಕೊಟ್ಟುಬರುತ್ತೇನೆಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟು, ಓಣಿ ಸುತ್ತಿ ಹಿಂದೆ ಬಂದಳು.

ಅವನು ಮೊಣಕಾಲೂರಿ ಕೂತಿದ್ದ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಅವಳ ಬಲೆ.

"ನಿಮ್ಮ ನಾಯಿ ಪಟಾಲಂಗೆ ದಾರಿ ಮಾಡ್ತಿದ್ದೀರಾ?"

"ಇಲ್ಲ. ಮಡಚ್ತಾ ಇದೀನಿ."

ಅವನು ಮಣ್ಣು ಸರಿಸಿದ. ನೇರವಾಗಿ ಹೂತಿದ್ದ ಅವಳ ಬಲೆಯ ಬುಡಕ್ಕೆ ಹೊಸ ಬಲೆ ಸೇರಿಸಿ, ನೆಲದಡಿ ಹೊರಗಡೆಗೆ ಮೊಳದಷ್ಟು ಮಲಗಿಸಿದ್ದ.

"ನಾಯಿ ಬೇಲಿ ಬುಡದಲ್ಲೇ ಕೆದರತ್ತೆ. ಹಿಂದೆ ಸರಿದು ಕೆದರೋದು ಅದಕ್ಕೆ ಹೊಳೆಯಲ್ಲ. ಇಲ್ಲಿ ನೋಡಿ, ಈಗ ಸ್ವಲ್ಪ ಮುಂಚೆ ಒಂದು ಬಂದಿತ್ತು. ತಂತಿ ತಾಗಿ ಬಿಟ್ಟುಹೋಗಿದೆ." ಇಕ್ಕಳದಿಂದ ಬಲೆಯ ಬುಡ ತೋರಿಸಿ ಹೇಳಿದ, "ಊರಿಗೆಲ್ಲ ಅಂಚು ಮಡಚಿ ಕೊಡ್ತೀರಿ. ಇದಕ್ಕೊಂದು ಬಿಟ್ಟುಬಿಟ್ರಿ."

ಅವಳ ಕಿವಿ ಬಿಸಿಯಾಯಿತು. ಆದರೂ ಸೋಲಲು ಮನಸ್ಸಿಲ್ಲ.

"ಏಳಕ್ಕೇ ಯಾಕೆ ಬ್ರೆಡ್ಡು?"

"ನೀವು ಹುಂಜ ಬಿಡೋದು ಆಗಲೇ ಅಲ್ವಾ. ಬ್ರೆಡ್ಡು ಸಿಗೋವರೆಗೆ ಅವು ನನ್ನ ಗೇಟು ಬಿಡಲ್ಲ."

"ಮೊದಲೇ ಹೇಳ್ಬಹುದಿತ್ತು."

ಅವನು ಇಕ್ಕಳದ ಮಣ್ಣನ್ನು ಬೆರಳಿನಿಂದ ಉಜ್ಜಿದ. ಇಲ್ಲದ ಮಣ್ಣನ್ನೂ ಉಜ್ಜಿದ. ಒಳಗೆ ಹೇಂಟೆ ಮಗ್ಗಲು ಬದಲಿಸಿದ ಸದ್ದು ಕೇಳಿತು.

"ಹೇಳಿದ್ರೆ ನೀವು ಕಿಟಕೀಲಿ ನೋಡೋದು ನಿಲ್ಲಿಸ್ತಿದ್ರಿ."

ಅವಳು ಸೆರಗು ಸಿಕ್ಕಿಸಿ ಎದುರು ಕೂತು, ತಂತಿಯ ಸುರುಳಿ ಎತ್ತಿಕೊಂಡಳು.

"ಇನ್ನೆಷ್ಟಿದೆ?"

"ಎರಡು ಬದಿ."

"ಹೊಲಿಗೆ ನಾನು ಹಾಕ್ತೀನಿ. ನೀವು ಹಿಡ್ಕೊಳ್ಳಿ."

ತಂತಿ ಅವನ ಬೆರಳುಗಳ ನಡುವೆ ತೂರಿ ಬಂತು. ಅವಳು ಮೆಲ್ಲಗೆ ಎಳೆದಳು.

"ಅನುಮಾನ ಇನ್ನೂ ಹೋಗಿಲ್ಲ ನನಗೆ."

"ಯಾವಾಗ ಹೋಗತ್ತೆ?"

"ಒಂದೇ ಮನೇಲಿದ್ದು ನೋಡಿದ್ರೆ ಗೊತ್ತಾಗಬಹುದು."

ಬಲೆ ಅವನ ಕೈಯಿಂದ ಜಾರಿತು.

"ಸರಿಯಾಗಿ ಹಿಡ್ಕೊಳ್ಳಿ," ಎಂದಳು ತಲೆಯೆತ್ತದೆ. "ಸೊಟ್ಟ ಆಗತ್ತೆ."