ಹಲಬರ್ಗಾ ಹಳ್ಳದ ಅಂತರಗಂಗೆ ಕಳವು

ಫೆಬ್ರುವರಿ ಹನ್ನೊಂದು, ಬೆಳಿಗ್ಗೆ ಹತ್ತು ಗಂಟೆ. ಭಾಲ್ಕಿ ಠಾಣೆಗೆ ಬಂದು ಕಾಲೇಜು ಉಪನ್ಯಾಸಕಿ ಸರಿತಾ ಕೊಟ್ಟ ದೂರು ಓದಿ ಹೆಡ್ ಕಾನ್‌ಸ್ಟೆಬಲ್ ಮಹಮ್ಮದ ಇಸ್ಮಾಯಿಲರ ಮೀಸೆ ಕುಣಿಯಿತು.

"ಮೇಡಂ, ಕಳುವಾಗಿದ್ದು ಅಂತರಗಂಗಿ ಅಂತರಿ! ಕೆರಿಯಾಗಿಂದ ಈ ತೇಲೋ ಕಳೇನ ಕಿತ್ತು ಕಿತ್ತು ಮಂದಿ ಬ್ಯಾಸತ್ತಾರ."

ಇನ್‌ಸ್ಪೆಕ್ಟರ್ ಆಮ್ರಪಾಲಿಗೂ ನಗು ಬಂತು. ಸರಿತಾ ಮಾತ್ರ ನಗಲಿಲ್ಲ.

"ಹಲಬರ್ಗಾ ಹಳ್ಳದ ನೀರಾಗ ಸೀಸ ಸೇರ್ಲಿಕತ್ತದರಿ. ದನ, ಕುರಿ ಅದೇ ನೀರು ಕುಡೀತಾವ. ಅಂತರಗಂಗಿ ಬೇರು ಸೀಸ ಹೀರ್ಕೋತಾವ. ನೀರಿನ ವಿಷಾನೂ ಕಮ್ಮಿ ಆಗ್ತದ, ಅದು ಎಲ್ಲಿಂದ ಬರ್ತದಂತನೂ ಬೇರು ಹೇಳ್ತಾವ. ಅದಕ್ಕ ನಮ್ಮ ಕಾಲೇಜಿನ ಹುಡುಗ್ಯಾರು ಮೂರು ಕಡಿ ಬಿದಿರಿನ ಚೌಕಟ್ಟು ಕಟ್ಟಿ ಬೆಳಸಿದ್ರು."

"ಮೂರೂ ಹೋದವೇನ್ರಿ?"

"ನಡುವಿಂದಷ್ಟೇ."

ಆಮ್ರಪಾಲಿಯ ನಗು ನಿಂತಿತು. ರಸ್ತೆ ಪಕ್ಕದ ಗಿಡ ಬಿಟ್ಟು, ಮುಳ್ಳುಕಂಟಿ ದಾಟಿ ನಡುವಿನದಕ್ಕೇ ಕೈ ಹಾಕಿದವನಿಗೆ ಗಿಡ ಬೇಕಿರಲಿಲ್ಲ. ಅದು ಹೇಳುವ ಮಾತು ಬೇಡವಾಗಿತ್ತು. ಎಫ್‌ಐಆರ್ ದಾಖಲಾಯಿತು.

ಉಳಿದೆರಡು ಕಡೆಯ ಬೇರುಗಳು ಬೀದರಿನ ಪ್ರಯೋಗಾಲಯಕ್ಕೆ ಹೋದವು. ಮೇಲಿನದು ಶುದ್ಧ, ಕೆಳಗಿನದರಲ್ಲಿ ಸೀಸ. ಎರಡರ ನಡುವೆ ಹಳ್ಳಕ್ಕೆ ಸೇರುವ ಚರಂಡಿಗಳು ಮೂರು. ಸರಿತಾ ಒಂದೊಂದರ ಬಾಯಿಗೂ ಹೊಸ ಗಿಡ ಬಿಟ್ಟಳು. ಅವನ್ನು ಕಾಯಲು ಇಸ್ಮಾಯಿಲರು ಲುಂಗಿ ಉಟ್ಟು, ಗಾಳ ಹಿಡಿದು ದಂಡೆಯಲ್ಲಿ ಕುಳಿತರು.

"ಖೈದಿಗಳನ್ನ ಕಾದೀನಿ, ಮಂತ್ರಿಗಳನ್ನ ಕಾದೀನಿ. ಗಿಡ ಕಾಯೋದು ಇದೇ ಪೈಲಾ ಸಲ. ಆದ್ರ ಮೇಡಂ, ನಾಕು ಮೀನು ಸಿಕ್ಕಾವ್ರಿ!"

"ಅಯ್ಯೋ, ಆ ಮೀನು ತಿನ್ನಬ್ಯಾಡ್ರಿ!" ಎಂದು ಸರಿತಾ ಚೀರಿದಳು. ಇಸ್ಮಾಯಿಲರ ಮುಖ ಬಾಡಿತು.

ಎರಡು ವಾರದ ನಂತರ ವರದಿ ಬಂತು. ಸೀಸ ತುಂಬಿದ್ದು ನಡುವಿನ ಚರಂಡಿಯ ಗಿಡದಲ್ಲಿ. ಆ ಚರಂಡಿಯ ತುದಿಯಲ್ಲಿ ಇದ್ದದ್ದು ಬಕ್ಕಪ್ಪನ ಗುಜರಿ ಗೋದಾಮು.

ಮಾರ್ಚ್ ಎರಡರಂದು ವಾರಂಟ್ ಹಿಡಿದು, ಪಂಚರ ಸಮಕ್ಷಮ ಗೋದಾಮು ಶೋಧಿಸಿದರು. ಔರಾದ್ ಕಡೆಯಿಂದ ತಂದು ಒಡೆದ ಹಳೆ ಬ್ಯಾಟರಿಗಳ ರಾಶಿ, ಕರಗಿಸಿದ ಸೀಸ, ತೊಳೆದ ನೀರು ಚರಂಡಿಗೆ ಬಿಡುವ ಪೈಪು. ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲಿ, ಬಿದಿರಿನ ಚೌಕಟ್ಟಿನ ಸಮೇತ, ಕಳುವಾದ ಅಂತರಗಂಗೆ ಹಸಿರಾಗಿ ತೇಲುತ್ತಿತ್ತು. ಪಂಚನಾಮೆ ಬರೆದು ಬಕ್ಕಪ್ಪನನ್ನು ಬಂಧಿಸಿದರು.

"ಸುಟ್ಟು ಹಾಕಿದ್ರ ಪುರಾವೇನೇ ಉಳೀತಿರಲಿಲ್ಲ," ಆಮ್ರಪಾಲಿ ಕೇಳಿದಳು. "ಯಾಕ ಇಟ್ಕೊಂಡಿ?"

ಬಕ್ಕಪ್ಪ ನಡುಗುವ ಕೈಯಿಂದ ಮುಖ ಒರೆಸಿಕೊಂಡ.

"ನನ್ನ ಮಗಳು ಮೇಘಾ ಸರಿತಾ ಮೇಡಂ ಕಡೀನೇ ಕಲೀತಾಳ್ರಿ. ಊಟಕ್ಕ ಕುಂತಾಗ, 'ಅಪ್ಪಾ, ನಡುವಿನ ಗಿಡದ ಬೇರು ನೋಡಿದ್ರ ವಿಷ ಹಾಕಾಂವ ಸಿಗ್ತಾನ' ಅಂದ್ಲು. ಅಕಿ ಕಣ್ಣಾಗ ಸಣ್ಣಾಂವ ಆಗಬಾರದಂತ ಕದ್ದೆ. ಆದ್ರ ಅದು ಅಕಿ ಬೆಳಸಿದ ಗಿಡರಿ... ಒಣಗಸಲಿಕ್ಕ ಮನಸ್ಸಾಗಲಿಲ್ಲ."

ಸುದ್ದಿ ತಿಳಿದು ಮೇಘಾ ಓಡಿಬಂದಳು. ಬೈಯುತ್ತಾಳೆಂದು ಬಕ್ಕಪ್ಪ ತಲೆ ತಗ್ಗಿಸಿದ. ಅವಳು ನೋಡಿದ್ದು ನಡುಗುತ್ತಿದ್ದ ಅವನ ಕೈಯನ್ನು.

"ಮೇಡಂ, ಮೊದಲ ಇವರನ್ನ ದವಾಖಾನಿಗೆ ಕರ್ಕೊಂಡು ಹೋಗ್ರಿ. ಸೀಸ ಹಳ್ಳಕ್ಕಷ್ಟೇ ಸೇರಿಲ್ಲ." ಅಪ್ಪನತ್ತ ತಿರುಗಿದಳು. "ಜಾಮೀನು ಸಿಕ್ಕ ಮ್ಯಾಲ ಹಳ್ಳ ಸಾಫ್ ಮಾಡ್ಲಿಕ್ಕ ನನ್ನ ಜೋಡಿ ಬರಬೇಕು. ನೆಪ ಹೇಳಂಗಿಲ್ಲ."

"ಬರ್ತೇನಿ," ಎಂದ ಬಕ್ಕಪ್ಪ. ಎಷ್ಟೋ ದಿನಗಳಿಂದ ಮಗಳ ಮುಖ ನೋಡಲು ಅಂಜುತ್ತಿದ್ದವನು ಈಗ ತಲೆಯೆತ್ತಿ ನೋಡಿದ.

ಇಸ್ಮಾಯಿಲರು ಜೀಪು ಚಾಲೂ ಮಾಡಿದರು. ಮೇಘಾ ಕೇಳದೆಯೇ ಹಿಂದಿನ ಸೀಟಿಗೆ ಹತ್ತಿ ಕುಳಿತಳು. ಆಮ್ರಪಾಲಿ ಇಳಿ ಎನ್ನಲಿಲ್ಲ.