ಏಳು ಗಂಟೆಯ ರೀಡಿಂಗ್

2014ರ ಡಿಸೆಂಬರ್ 9, ಮಂಗಳವಾರ, ಸಂಜೆ 6 ಗಂಟೆ 42 ನಿಮಿಷಕ್ಕೆ ರೇಡಿಯೋ ಸ್ಟೇಷನ್ನಿನ ಪ್ರಸಾರ ನಿಂತಿತು.

ಬರ್ ದುಬೈಯ ಹಳೆಯ ಕಟ್ಟಡದ ಮೂರನೇ ಮಹಡಿಯ ಸ್ಟುಡಿಯೋದಲ್ಲಿ ಡೆಬೊರಾ ಆಗ ಹುಟ್ಟುಹಬ್ಬದ ಶುಭಾಶಯ ಓದುತ್ತಿದ್ದಳು. ಕೈಯಲ್ಲಿ ಏಳು ಹೆಸರುಗಳಿದ್ದವು. ನಾಲ್ಕನೆಯದಕ್ಕೆ ಬಂದಾಗ ಗೋಡೆಯ ಹಸಿರು ದೀಪ ಆರಿತು. ಅದು ಆರಿದರೆ ಹೊರಗೆ ಏನೂ ಹೋಗುತ್ತಿಲ್ಲ ಎಂದು ಅರ್ಥ. ಅವಳು ಉಳಿದ ಮೂರು ಹೆಸರನ್ನೂ ಓದಿ ಮುಗಿಸಿ, ಆಮೇಲೆ ಫೋನ್ ಎತ್ತಿಕೊಂಡಳು.

"ಎಂತಾಯ್ತು ಸರ್ವೋತ್ತಮರೇ?"



"ಟ್ಯೂಬ್ ಹೋಯ್ತು."

"ಸ್ಪೇರ್ ಹಾಕಿ."

"ಇದೇ ಸ್ಪೇರ್ ಆಗಿತ್ತು, ಡೆಬೊರಾ ಬಾಯಿ."

ಸರ್ವೋತ್ತಮ ಇದ್ದದ್ದು ಅಬುಧಾಬಿಗೆ ಹೋಗುವ ದಾರಿಯಲ್ಲಿ, ಸಮುದ್ರದ ಪಕ್ಕದ ಉಪ್ಪುನೆಲದ ಮೇಲೆ. ಅಲ್ಲಿ ಒಂದು ಟವರ್, ತಗಡಿನ ಶೆಡ್ಡಿನಲ್ಲಿ ದೊಡ್ಡ ವಾಲ್ವ್ ಟ್ಯೂಬಿನಿಂದ ಓಡುವ ಒಂದು ಹಳೆಯ ಟ್ರಾನ್ಸ್‌ಮಿಟರ್, ಅದನ್ನು ನೋಡಿಕೊಳ್ಳಲು ಅವನು. ಎಫ್‌ಎಂ ಬಂದ ಮೇಲೆ ಎಎಂ ಸ್ಟೇಷನ್ನಿಗೆ ಜಾಹೀರಾತು ಕೊಡುವವರು ಒಬ್ಬೊಬ್ಬರಾಗಿ ಕಳಚಿಕೊಂಡಿದ್ದರು. ದಿನವಿಡೀ ಹಿಂದಿ, ಮಲಯಾಳಂ ಹಾಡು; ಸಂಜೆ ಆರೂವರೆಯಿಂದ ಏಳೂವರೆಯವರೆಗೆ ಕನ್ನಡ, ತುಳು, ಕೊಂಕಣಿ. ಆ ಒಂದು ಗಂಟೆ ಡೆಬೊರಾಳದ್ದು.

ಹನ್ನೊಂದು ಜನರ ಕೆಲಸ, ಹನ್ನೊಂದು ವೀಸಾ ಆ ಶೆಡ್ಡಿಗೆ ಜೋತುಬಿದ್ದಿದ್ದವು. ಸ್ಟೇಷನ್ ವಹಿಸಿಕೊಳ್ಳಲು ಶಾರ್ಜಾದ ಪಾರ್ಟಿಯೊಂದು ಒಪ್ಪಿತ್ತು. ಷರತ್ತು ಒಂದೇ: ಅವರ ಇಂಜಿನಿಯರ್ ಗುರುವಾರ ಬರುತ್ತಾನೆ, ಟ್ರಾನ್ಸ್‌ಮಿಟರ್ ಅವನ ಎದುರು ಎರಡು ಗಂಟೆ ಪೂರ್ತಿ ಪವರಿನಲ್ಲಿ, ಅಂದರೆ ಇಪ್ಪತ್ತು ಕಿಲೋವ್ಯಾಟಿನಲ್ಲಿ, ಓಡಬೇಕು.

ಗುರುವಾರಕ್ಕೆ ಎರಡು ದಿನ ಇತ್ತು. ಹೊಸ ಟ್ಯೂಬ್ ಯುರೋಪಿನಿಂದ ಬರಲು ಎಂಟು ವಾರ ಬೇಕಿತ್ತು.

ಡೆಬೊರಾ ಮತ್ತು ಸರ್ವೋತ್ತಮರ ಪರಿಚಯವಾದದ್ದು ಒಂದು ನಿಯಮದ ದೆಸೆಯಿಂದ. ಪ್ರತಿ ಗಂಟೆಗೊಮ್ಮೆ ಟ್ರಾನ್ಸ್‌ಮಿಟರಿನಿಂದ ಸ್ಟುಡಿಯೋಕ್ಕೆ ಫೋನ್ ಬರಬೇಕು. ಮೀಟರಿನಲ್ಲಿ ಪವರ್ ಎಷ್ಟಿದೆ ಎಂದು ಅವನು ಹೇಳಬೇಕು, ಸ್ಟುಡಿಯೋದಲ್ಲಿದ್ದವರು ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಏಳು ಗಂಟೆಯ ಫೋನ್ ಅವಳ ಹಾಡಿನ ನಡುವೆ ಬರುತ್ತಿತ್ತು. ನಾಲ್ಕು ನಿಮಿಷದ ಹಾಡಾದರೆ ನಾಲ್ಕು ನಿಮಿಷದ ಮಾತು.

ಜೂನ್ ಹೊತ್ತಿಗೆ ಏಳು ಗಂಟೆಗೆ ಏಳು ನಿಮಿಷದ ಹಾಡುಗಳು ಬರತೊಡಗಿದವು.

"ಇವತ್ತೂ ಉದ್ದದ ಹಾಡೇ ಬಾಯಿ?"

"ಕೇಳುಗರ ಕೋರಿಕೆ."

"ಯಾವ ಕೇಳುಗರು?"

"ಹೆಸರು ಓದ್ಲಿಕ್ಕೆ ಪರ್ಮಿಷನ್ ಇಲ್ಲ. ರೀಡಿಂಗ್ ಹೇಳಿ ನೀವು."

"ಹತ್ತು."

"ಊಟ?"

"ಅದರ ರೀಡಿಂಗ್ ಸೊನ್ನೆ. ಕುಬ್ಬೂಸ್ ರೊಟ್ಟಿ ಉಂಟು, ಸಾರು ಇಲ್ಲ."

ಎದುರೆದುರು ಭೇಟಿಯಾದದ್ದು ನಾಲ್ಕೇ ಸಲ. ಈದ್ ಹಬ್ಬಕ್ಕೆ ಮುಂಚೆ ಕಾಗದಗಳಿಗೆ ಸಹಿ ಹಾಕಲು ಅವನು ಆಫೀಸಿಗೆ ಬಂದಿದ್ದ. ತೋಳು ಮಡಚುವಲ್ಲಿಯವರೆಗೆ ಮಾತ್ರ ಅಂಗಿಗೆ ಇಸ್ತ್ರಿ ಹಾಕಿದ್ದ. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿ, ಮಡಚಿದ ತೋಳನ್ನು ಇನ್ನೊಂದು ಸುತ್ತು ಮೇಲಕ್ಕೆ ಮಡಚಿದ. ಅವಳು ಬೇರೆ ಕಡೆ ತಿರುಗಿದಾಗ ಮಾತ್ರ ಅವನ ಕಣ್ಣು ಅವಳ ಮುಖದ ಮೇಲೆ ನಿಲ್ಲುತ್ತಿತ್ತು. ಅದು ಗೊತ್ತಾದ ಮೇಲೆ ಅವಳು ಆಗಾಗ, ಯಾವ ಕಾರಣವೂ ಇಲ್ಲದೆ, ಕಿಟಕಿಯ ಕಡೆ ತಿರುಗಿದಳು.

ಏಪ್ರಿಲ್‌ನಲ್ಲಿ ಮ್ಯಾನೇಜರ್ ಮೋಹನದಾಸ್ ಒಂದು ಆದೇಶ ಹೊರಡಿಸಿದ್ದರು. ಟ್ಯೂಬಿಗೆ ವಯಸ್ಸಾಗಿದೆ, ಕರೆಂಟ್ ಬಿಲ್ಲೂ ಹೆಚ್ಚು; ಹತ್ತು ಕಿಲೋವ್ಯಾಟ್ ದಾಟಬಾರದು. ಆ ವಾರವೇ ಡೆಬೊರಾ ಏಳು ಗಂಟೆಯ ಫೋನಿನಲ್ಲಿ ಹೇಳಿದ್ದಳು:

"ಅಮ್ಮನಿಗೆ ಈಗ ನಾನು ಕೇಳೂದಿಲ್ಲ ಅಂತೆ."

ಅವಳ ತಾಯಿ ಮಗ್ದಲೀನ್ ಉಡುಪಿ ಹತ್ತಿರದ ಕಾನ್ವೆಂಟ್ ಹಾಸ್ಟೆಲಿನಲ್ಲಿ ಅಡುಗೆಯವರು. ಕತ್ತಲಾದ ಮೇಲೆ ಎಎಂ ಅಲೆ ಆಕಾಶಕ್ಕೆ ತಾಗಿ ಬಹುದೂರ ಹೋಗುತ್ತದೆ. ದುಬೈಯಲ್ಲಿ ಆರೂವರೆಯಾದಾಗ ಉಡುಪಿಯಲ್ಲಿ ಎಂಟು. ನೂರ ಇಪ್ಪತ್ತು ಮಕ್ಕಳಿಗೆ ಬಡಿಸುತ್ತ ಮಗ್ದಲೀನ್ ಸರಸರ ಸದ್ದಿನ ನಡುವೆ ಮಗಳ ದನಿ ಕೇಳುತ್ತಿದ್ದರು. ಪವರ್ ಅರ್ಧವಾದ ಮೇಲೆ ಸರಸರ ಮಾತ್ರ ಉಳಿದಿತ್ತು.

ನಾಲ್ಕು ದಿನ ಕಳೆದು ಅವರೇ ಫೋನ್ ಮಾಡಿದರು. ಈಗ ಪುನಃ ಕೇಳುತ್ತದೆ, ಮೊದಲಿನ ಹಾಗೆಯೇ.

"ಹವೆ ಸರಿಯಾಗಿರ್ಬೇಕು" ಎಂದಿದ್ದ ಸರ್ವೋತ್ತಮ. "ರೀಡಿಂಗ್ ಬರ್ಕೊಳ್ಳಿ. ಹತ್ತು."

ಅವಳು ಹತ್ತು ಎಂದು ಬರೆದು ಸಹಿ ಹಾಕಿದ್ದಳು.

ಬುಧವಾರ ಮಧ್ಯಾಹ್ನ ಅವನು ಬರ್ ದುಬೈಗೆ ಬಂದ. ಆಫೀಸಿಗೆ ಹೋಗದೆ ಅವಳನ್ನು ಅಬ್ರಾ ಕಟ್ಟೆಗೆ ಕರೆದ. ಊರೊಳಗೆ ಹಾದ ಖೋರಿನ ಹಿನ್ನೀರು ದಾಟಿ ಆಚೆ ದಡಕ್ಕೆ ಹೋಗುವ ಅಬ್ರಾ ದೋಣಿಗಳು ತುಂಬುತ್ತಿದ್ದವು, ಖಾಲಿಯಾಗುತ್ತಿದ್ದವು. ಇಬ್ಬರ ಕೈಯಲ್ಲೂ ಚಹಾದ ಕಾಗದದ ಲೋಟ.

"ಮೋಹನದಾಸ್ ಸರ್ ಬೆಳಿಗ್ಗೆ ಹೇಳಿದ್ರು," ಎಂದಳು ಡೆಬೊರಾ. "ಲಾಗಿನಲ್ಲಿ ಹತ್ತೇ ಉಂಟು, ಯಾರ ತಪ್ಪೂ ಅಲ್ಲ, ನಮ್ಮ ಹಣೆಬರಹ ಅಂತ. ನೀವು ತಲೆಕೆಡಿಸ್ಕೊಬೇಡಿ."

"ಲಾಗ್ ಸುಳ್ಳು."

ಅವಳು ಅವನ ಕಡೆ ತಿರುಗಿದಳು. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ.

"ನಿಮ್ಮ ಒಂದು ಗಂಟೆ ಮಾತ್ರ ಇಪ್ಪತ್ತಕ್ಕೆ ಏರಿಸ್ತಿದ್ದೆ. ಏಪ್ರಿಲ್‌ನಿಂದ ನಿನ್ನೆವರೆಗೆ, ಪ್ರತಿ ದಿನ. ಏಳೂವರೆಗೆ ಇಳಿಸ್ತಿದ್ದೆ. ಟ್ಯೂಬ್ ತಡೀಲಿಕ್ಕಿಲ್ಲ ಅಂತ ಗೊತ್ತಿತ್ತು. ಹತ್ತರಲ್ಲೇ ಬಿಟ್ಟಿದ್ರೆ ಇನ್ನೊಂದು ವರ್ಷ ಬರ್ತಿತ್ತು."

"ಯಾಕೆ?"

"ಅಮ್ಮನಿಗೆ ಕೇಳೂದಿಲ್ಲ ಅಂದ್ರಲ್ಲ."

ಪ್ರೀತಿಯ ಮಾತು ಅವನ ಬಾಯಿಂದ ಬಂದರೆ ಹೇಗಿರುತ್ತದೆ ಎಂದು ಅವಳು ಎಷ್ಟೋ ಸಲ ಊಹಿಸಿದ್ದಳು. ಹೀಗಿರುತ್ತದೆ ಎಂದು ಊಹಿಸಿರಲಿಲ್ಲ.

"ನಾನು ಏರಿಸಿ ಅಂದಿದ್ನಾ?"

"ಇಲ್ಲ."

"ರಿಸೆಪ್ಷನ್ನಿನ ಸೂಫಿಯಾ ಮಗಳನ್ನು ಹೋದ ತಿಂಗಳು ಇಲ್ಲಿ ಶಾಲೆಗೆ ಹಾಕಿದ್ದಾಳೆ. ಹನ್ನೊಂದು ಜನ ಸರ್ವೋತ್ತಮರೇ! ನಮ್ಮಮ್ಮ ಹಾಡು ಕೇಳ್ಲಿಕ್ಕೆ ಹನ್ನೊಂದು ಜನ!"

"ಗೊತ್ತುಂಟು."

"ಎಂತ ಗೊತ್ತುಂಟು ನಿಮಗೆ? ನನ್ನ ಕೈಯಲ್ಲೇ ಸುಳ್ಳು ಬರೆಸಿದ್ದೀರಿ. ಒಂದು ದಿನ ಅಲ್ಲ, ಎಂಟು ತಿಂಗಳು!"

"ಅದಕ್ಕೇ ನಾಳೆ ಎಲ್ಲರ ಎದುರು ಹೇಳ್ತೇನೆ. ನಿಮ್ಮ ಹೆಸರು ಎತ್ತೂದಿಲ್ಲ."

ಅವಳು ಲೋಟವನ್ನು ಕಟ್ಟೆಯ ಮೇಲೆ ಇಟ್ಟು ಹೊರಟ ಅಬ್ರಾಕ್ಕೆ ಹತ್ತಿದಳು. ಆಚೆ ದಡದಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಅಲ್ಲಿ ಇಳಿದು, ಅರ್ಧ ಗಂಟೆ ನಿಂತು, ಅದೇ ದಾರಿಯಲ್ಲಿ ವಾಪಸ್ ಬಂದಳು. ಅಷ್ಟರಲ್ಲಿ ಅವನು ಹೋಗಿದ್ದ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಶಾರ್ಜಾದಿಂದ ಫೋನ್ ಬಂತು. ಓಡದ ಟ್ರಾನ್ಸ್‌ಮಿಟರ್ ನೋಡಲು ಇಂಜಿನಿಯರ್ ಬರುವುದಿಲ್ಲ, ಮಾತುಕತೆ ಮುಗಿಯಿತು. ಮೋಹನದಾಸ್ ಎಲ್ಲರನ್ನೂ ರಿಸೆಪ್ಷನಿನಲ್ಲಿ ಸೇರಿಸಿದರು. ಕುರ್ಚಿ ಸಾಲದೆ ಕೆಲವರು ನಿಂತಿದ್ದರು.

"ಖಲಾಸ್," ಎಂದರು ಅವರು. "ಈ ತಿಂಗಳ ಕೊನೆಗೆ ಲೈಸೆನ್ಸ್ ಮುಗೀತದೆ. ರಿನ್ಯೂ ಮಾಡೂದಿಲ್ಲ. ವೀಸಾ ಕ್ಯಾನ್ಸಲ್ ಆದ ಮೇಲೆ ನಿಮಗೆ ಮೂವತ್ತು ದಿನ ಸಿಗ್ತದೆ."

ಸರ್ವೋತ್ತಮ ಗೋಡೆಯ ಬಳಿಯಿಂದ ಮುಂದೆ ಬಂದು ಎಲ್ಲವನ್ನೂ ಹೇಳಿದ. ಎಷ್ಟು ಹೊತ್ತಿಗೆ ಏರಿಸುತ್ತಿದ್ದ, ಎಷ್ಟು ಹೊತ್ತಿಗೆ ಇಳಿಸುತ್ತಿದ್ದ, ಯಾವ ದಿನದಿಂದ. ದನಿ ಮೀಟರ್ ಓದುವ ದನಿಯೇ.

ಮೋಹನದಾಸ್ ಕನ್ನಡಕ ತೆಗೆದರು.

"ಯಾರಿಗೋಸ್ಕರ ಮಾರಾಯಾ?"

"ಅದು ಲಾಗಿನಲ್ಲಿಲ್ಲ ಸರ್."

"ನನಗೋಸ್ಕರ," ಎಂದಳು ಡೆಬೊರಾ.

ಅವಳು ಎದ್ದು ನಿಂತಿದ್ದಳು. ಮೈಕಿಲ್ಲದೆ ಇಷ್ಟು ಜನರ ಎದುರು ಅವಳು ಎಂದೂ ಮಾತಾಡಿದವಳಲ್ಲ.

"ಊರಲ್ಲಿ ಅಮ್ಮನಿಗೆ ಕೇಳೂದಿಲ್ಲ ಅಂತ ಹೇಳಿದ್ದು ನಾನು. ಪುನಃ ಕೇಳಿತು ಅಂದಾಗ ಯಾಕೆ, ಹೇಗೆ ಅಂತ ನಾನು ಸರಿಯಾಗಿ ವಿಚಾರಿಸ್ಲಿಲ್ಲ. ವಿಚಾರಿಸ್ಲಿಕ್ಕೆ ನನಗೆ ಮನಸ್ಸಿರ್ಲಿಲ್ಲ. ಬೈಯೂದಾದ್ರೆ ಇಬ್ಬರಿಗೂ ಬೈಯಿರಿ."

ರಿಸೆಪ್ಷನ್ ಮೇಜಿನ ಹಿಂದಿನಿಂದ ಸೂಫಿಯಾ ಹೇಳಿದಳು, "ನಿಮ್ಮಮ್ಮ ಕೇಳಿದ್ರಲ್ಲ, ಸಾಕು. ನನ್ನ ಮಗಳ ಬ್ಯಾಗು ಯೂನಿಫಾರ್ಮು ನೀವೇ ಇಟ್ಕೊಳ್ಳಿ, ಮದುವೆಗೆ ಉಡುಗೊರೆ."

ಸಭೆ ಮುಗಿದ ಮೇಲೆ ಡೆಬೊರಾ ಹೊರಗೆ ಬಂದಳು.

ಮೆಟ್ಟಿಲಿನಲ್ಲಿ ಅವನು ಕಾಯುತ್ತಿದ್ದ.

"ಹೆಸರು ಎತ್ತೂದಿಲ್ಲ ಅಂದಿದ್ದೆ."

"ನೀವು ಎತ್ತಲಿಲ್ಲ. ನಾನೇ ಎತ್ತಿದ್ದು."

"ಸಿಟ್ಟು ಉಂಟಾ?"

"ಉಂಟು. ಸುಮಾರು ದಿನ ಇರ್ತದೆ ಅದು." ಅವಳು ಎರಡು ಮೆಟ್ಟಿಲು ಇಳಿದು ಅವನ ಸಮಕ್ಕೆ ನಿಂತಳು. "ನನ್ನನ್ನು ಯಾರೂ ಇಷ್ಟು ಪ್ರೀತಿ ಮಾಡಿಲ್ಲ ಸರ್ವೋತ್ತಮ. ಇಷ್ಟು ಕೆಟ್ಟದಾಗಿಯೂ ಮಾಡಿಲ್ಲ."

ಮೊದಲ ಸಲ ಅವಳು 'ರೇ' ಬಿಟ್ಟಿದ್ದಳು. ಅವನು ಕೈಚಾಚಲಿಲ್ಲ. ಅವಳೇ ಅವನ ಕೈ ಹಿಡಿದಳು. ಮೇಲೆ ಯಾರೋ ಬಾಗಿಲು ತೆಗೆದರು, ಅವಳು ಬಿಡಲಿಲ್ಲ.

"ಮದುವೆ ಆಗ್ತೀರಾ ಅಂತ ಕೇಳ್ಲಿಕ್ಕೆ ಈಗ ನನಗೆ ಮುಖ ಇಲ್ಲ," ಎಂದ.

"ಈಗ ಕೇಳಬೇಡ. ಕೆಲಸ ಸಿಕ್ಕಿದ ಮೇಲೆ ನಾನೇ ಕೇಳ್ತೇನೆ."

ಡಿಸೆಂಬರ್ 31ಕ್ಕೆ ಲೈಸೆನ್ಸ್ ಮುಗಿಯಿತು. ಸರ್ವೋತ್ತಮನ ವೀಸಾ ಆರು ತಿಂಗಳು ಅಲ್ಲಿ ಕೆಲಸಕ್ಕೆ ಬರಬಾರದೆಂಬ ಬ್ಯಾನ್ ಸಹಿತ ರದ್ದಾಗಿ, ಅವನು ಜನವರಿ 6ರಂದು ಊರಿಗೆ ಹೋದ. ಸೂಫಿಯಾ ಮಗಳೊಂದಿಗೆ ಜನವರಿ ಕೊನೆಗೆ ಹೊರಟಳು. ಡೆಬೊರಾಳಿಗೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಕ್ಲಿನಿಕ್ಕೊಂದರ ರಿಸೆಪ್ಷನ್ನಿನಲ್ಲಿ ಕೆಲಸ ಸಿಕ್ಕಿತು. ಮಾರ್ಚ್ ತಿಂಗಳ ಒಂದು ಶುಕ್ರವಾರ ಅವಳು ಫೋನಿನಲ್ಲಿ ಕೇಳಿದಳು. ಅವನು ಹೂಂ ಎಂದ.

2016ರ ಫೆಬ್ರವರಿಯಲ್ಲಿ, ಅವಳು ಮೊದಲ ರಜೆಗೆ ಊರಿಗೆ ಹೋದಾಗ, ಇಬ್ಬರೂ ಉಡುಪಿಯಲ್ಲಿ ವಿವಾಹ ನೋಂದಣಿಗೆ ನೋಟಿಸ್ ಕೊಟ್ಟರು. ನೋಟಿಸಿಗೆ ಮೂವತ್ತು ದಿನ ತುಂಬಬೇಕಿತ್ತು. ಅವಳ ರಜೆ ಇದ್ದದ್ದು ಇಪ್ಪತ್ತೊಂದು ದಿನ. ಅವಳು ಅಬುಧಾಬಿಗೆ ಮರಳಿದಳು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಅದು ರದ್ದಾಗುತ್ತಿತ್ತು. ಆ ಅವಧಿ ಮುಗಿಯಲು ಎರಡು ದಿನ ಇರುವಾಗ, ಸಂಬಳವಿಲ್ಲದ ನಾಲ್ಕು ದಿನದ ರಜೆ ಹಾಕಿ ಬಂದು, ರಿಜಿಸ್ಟ್ರಾರ್ ಎದುರು ಸಹಿ ಮಾಡಿದಳು.