ಮೊಳಕಾಲ ಹಿಂದಿನ ಚೂರು

ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ ಫೌಜದಾರ ಗಿರಮಲ್ಲಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. ಹವಾಲ್ದಾರನಾದ ನಾನೂ ಇಣುಕಿ ನೋಡಿ ದಂಗಾದೆ. ಬನಹಟ್ಟಿಯ ನೇಕಾರ ಕಾಶಪ್ಪನ ಬಲ ಮೊಳಕಾಲಿನ ಹಿಂದೆ ಅವರೆಕಾಳಿನಷ್ಟು ಎಲುಬಿನ ಚೂರೊಂದು ಬೇರೆಯೇ ನಿಂತಿತ್ತು!

"ನಮ್ಮ ಭಾವಾರ ಮುರದಾರ್ರೀ," ಎಂದಳು ಕಾಶಪ್ಪನ ಹೆಂಡತಿ ಸಾವಕ್ಕ. "ಇವ್ರಿಗೆ ಮಗ್ಗದಾಗ ಕುಂಡ್ರಾಕ ಆಗವಲ್ದು."

ಮನೆ ಪಾಲಾಗುವಾಗ ಅಣ್ಣ ನೀಲಕಂಠನ ಮಗ್ಗವೇ ಬೇಕೆಂದು ಕಾಶಪ್ಪ ಹಟ ಹಿಡಿದಿದ್ದ. ಅಣ್ಣ ಸಿಟ್ಟಿನಲ್ಲಿ ಲಾಳಿ ಬೀಸಿ ಒಗೆದ. ಅದು ತಮ್ಮನ ಮೊಳಕಾಲಿಗೆ ಬಡಿಯಿತು. ಕೊನೆಗೆ ಆ ಮಗ್ಗ ತಮ್ಮನ ಪಾಲಿಗೇ ಬಂತು. ನೀಲಕಂಠ ಒಂದನ್ನೂ ಅಲ್ಲಗಳೆಯಲಿಲ್ಲ. ತಮ್ಮನ ಕಾಲು ತಾನೇ ಮುರಿದೆನೆಂದು ಲಾಕಪ್ಪಿನಲ್ಲಿ ತಲೆ ತಗ್ಗಿಸಿ ಕೂತ. ಸಾಕ್ಷಿ ಇದೆ, ಒಪ್ಪಿಗೆ ಇದೆ—ಜೈಲು ಖಾತ್ರಿ. ಇನ್ನೇನು ತನಿಖೆ ಮಣ್ಣು? ನನ್ನ ಬುದ್ಧಿ ಅಲ್ಲಿಗೇ ನಿಂತಿತ್ತು.

ಸಾಹೇಬರದ್ದು ನಿಲ್ಲಲಿಲ್ಲ. ಪೆಟ್ಟು ಬಿದ್ದದ್ದೆಲ್ಲಿ? ಮುಂದೆ, ಚಿಪ್ಪಿನ ಮೇಲೆ. ಮತ್ತೆ ಚೂರು ಹಿಂದೆ ಯಾಕೆ? ನೋವು ಅಂದೇ ಶುರುವಾಯಿತೇ? ಇಲ್ಲ—ಅಣ್ಣನ ಮಗ್ಗಕ್ಕೆ ಕೂತ ಮೇಲೆ!

"ಕುಂತು ನೇದು ತೋರ್ಸು," ಎಂದರು ಕಾಶಪ್ಪನ ಮನೆಗೇ ಹೋಗಿ.

ಕಾಶಪ್ಪ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟ. ತಳದ ತುಳಿಹಲಗೆ ಸಿಗಬೇಕಾದರೆ ಬಲಗಾಲನ್ನು ಪೂರ್ತಿ ಚಾಚಿ ಬೆರಳ ತುದಿಯಿಂದ ಒತ್ತಬೇಕಿತ್ತು. ಒತ್ತಿದ್ದೇ ತಡ, ಮೊಳಕಾಲಿನ ಹಿಂಬದಿ ಹಿಡಿದುಕೊಂಡು ನರಳಿದ.

ಸಾಹೇಬರು ಅವನನ್ನು ಜೀಪಿನಲ್ಲಿ ಜಮಖಂಡಿಯ ಎಲುಬಿನ ಡಾಕ್ಟರ ಬಳಿ ಒಯ್ದು, ಎಡ ಮೊಳಕಾಲಿನ ಎಕ್ಸ್‌ರೇ ತೆಗೆಸಿದರು. ನೆಟ್ಟಗಿರುವ ಕಾಲಿಗೇನು ಫೋಟೋ ಎಂದು ನಾನು ಗೊಣಗಿದೆ. ಹಾಳೆ ಬಂದಾಗ ನಾನೇ ಬೆಳಕಿಗೆ ಹಿಡಿದೆ. ಎಡಗಾಲಿನಲ್ಲೂ ಅದೇ ಜಾಗ, ಅದೇ ಕಾಳು!

ಠಾಣೆಗೆ ಮರಳಿ ಸಾಹೇಬರು ಎಲ್ಲರೆದುರು ಬಿಡಿಸಿ ಹೇಳಿದರು. ಮುರಿದ ಚೂರಿನ ಅಂಚು ಒರಟಾಗಿರುತ್ತದೆ. ಇದು ನುಣ್ಣಗಿದೆ, ಎರಡೂ ಕಾಲಲ್ಲಿದೆ. ಡಾಕ್ಟರು ಹೇಳಿದಂತೆ, ಕೆಲವರಿಗೆ ಹೀಗೆ ಹೆಚ್ಚಿನ ಎಲುಬೊಂದು ಬೆಳೆಯುತ್ತದೆ. ಸುಮ್ಮನಿದ್ದರೆ ಸುಮ್ಮನಿರುತ್ತದೆ; ಕಾಲು ಚಾಚಿ ಚಾಚಿ ಕೆಣಕಿದರೆ ಹೀಗೆ ನೋಯಿಸುತ್ತದೆ.

"ನಿಮ್ಮಣ್ಣ ಎತ್ತರದ ಆಳು. ಅವನ ಕಾಲಿನ ಅಳತಿಗೆ ತೋಡಿದ ಕುಣಿ ಅದು. ಹಟ ಮಾಡಿ ಅದರಾಗ ಕುಂತಾಂವ ನೀನ, ಕಾಶಪ್ಪ. ನಿನ್ನ ಕಾಲು ಕೆಡಿಸಿದಾಂವ ಬ್ಯಾರೆ ಯಾರೂ ಅಲ್ಲ."

ಕಾಲು ಮುರಿಯದ ಅಣ್ಣನನ್ನು ಕಂಬಿಯೊಳಗೆ ಹಾಕಿಸಿದ್ದ ಕಾಶಪ್ಪನಿಗೆ ತಲೆ ಎತ್ತಲಾಗಲಿಲ್ಲ. ಸಾವಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಾಹೇಬರ ಸನ್ನೆಗೆ ನಾನು ಲಾಕಪ್ಪಿನ ಬಾಗಿಲು ತೆರೆದೆ. ನೀಲಕಂಠ ನಮ್ಮನ್ನು ನೋಡಲೇ ಇಲ್ಲ. ತಮ್ಮನೆದುರು ಕುಕ್ಕರುಗಾಲಲ್ಲಿ ಕೂತು, ಅವನ ಮೊಳಕಾಲ ಹಿಂಬದಿಯನ್ನು ಮೆಲ್ಲಗೆ ಒತ್ತಿದ.

"ಇಲ್ಲೇನು ನೋಯೂದು? ಮನಿಗೆ ನಡಿ. ಕುಣಿಗೆ ಮಣ್ಣು ತುಂಬಿ ನಿನ್ನ ಕಾಲಿಗೆ ತಕ್ಕಂಗ ಮಾಡಿ ಕೊಡ್ತೇನಿ."